ಬ್ರಿಡ್ಜ್ ದಾಟದ ದೊಡ್ಡ ಪ್ಯಾಕೆಟ್: ಫೈರ್‌ವಾಲ್ ರೂಲ್ ಹಾಕಿ ಸರಿಪಡಿಸುವ ಪೂರ್ತಿ ಕ್ರಮ

ಪಿಂಗ್ ಬರುತ್ತದೆ. ಟ್ಯಾಲಿ ಲಾಗಿನ್ ಆಗುತ್ತದೆ. ದೊಡ್ಡ ರಿಪೋರ್ಟ್ ತೆರೆದ ಕೂಡಲೇ ಪರದೆ ನಿಂತುಬಿಡುತ್ತದೆ. ಎರಡು ಜಾಗಗಳನ್ನು ಒಂದೇ ಲ್ಯಾನ್ (ಒಳಜಾಲ) ಆಗಿಸುವ ಜೋಡಣೆ, ಅಂದರೆ ಬ್ರಿಡ್ಜ್, ಕಟ್ಟಿದವರಿಗೆ ಮತ್ತೆ ಮತ್ತೆ ಬರುವ ತೊಂದರೆ ಇದು. ಹೆಚ್ಚಿನವರು ಎಲ್ಲೋ ಓದಿದ ಎಂಎಸ್ಎಸ್ ರೂಲ್ ಒಂದನ್ನು (ಪ್ಯಾಕೆಟ್ ಒಳಗಿನ ಸರಕಿಗೆ ಮಿತಿ ಹಾಕುವ ಫೈರ್‌ವಾಲ್ ನಿಯಮ) ಹಾಕುತ್ತಾರೆ, ಅದು ಕೆಲಸ ಮಾಡುವುದಿಲ್ಲ, ಆಮೇಲೆ ಕೇಬಲ್ ಬದಲಿಸುತ್ತಾರೆ, ಕೊನೆಗೆ ರೂಟರನ್ನೇ ಬದಲಿಸುತ್ತಾರೆ. ರೂಲ್ ತಪ್ಪಾಗಿರುವುದಿಲ್ಲ, ಹಾಕಿದ ಕ್ರಮ ತಪ್ಪಾಗಿರುತ್ತದೆ. ಮೊದಲು ಅಳೆಯಬೇಕು. ಆಮೇಲೆ ಬ್ರಿಡ್ಜ್ ಮೇಲಿನ ಪ್ಯಾಕೆಟ್ ಫೈರ್‌ವಾಲ್ ಕಣ್ಣಿಗೆ ಬೀಳುವಂತೆ ಮಾಡಬೇಕು. ರೂಲ್ ಬರುವುದು ಅದಾದ ಮೇಲೆ.

ಇಲ್ಲಿನ ಹಂತಗಳು ಮೈಕ್ರೊಟಿಕ್ ರೂಟರ್ ಮತ್ತು ಅದನ್ನು ನಿರ್ವಹಿಸುವ ವಿನ್‌ಬಾಕ್ಸ್ ತಂತ್ರಾಂಶಕ್ಕೆ ಹೊಂದುವಂತಿವೆ. ಉದಾಹರಣೆಗೆ ಕಲಬುರಗಿಯ ಒಂದು ಸಾಮಾನ್ಯ ಜೋಡಣೆ ತೆಗೆದುಕೊಳ್ಳೋಣ: ನೆಹರು ಗಂಜ್‌ನಲ್ಲಿ ಅಡತಿ ಅಂಗಡಿಯ ಕಚೇರಿ, ಕಪನೂರು ಕೈಗಾರಿಕಾ ಪ್ರದೇಶದಲ್ಲಿ ತೊಗರಿ ಬೇಳೆ ಮಿಲ್. ಎರಡೂ ಕಡೆ ಸ್ಥಿರ ಐಪಿ ಇರುವ ಫೈಬರ್, ಅದರ ಮೇಲೆ ಪಿಪಿಪಿಒಇ ಡಯಲ್ (ಹೆಸರು, ಪಾಸ್‌ವರ್ಡ್ ಕೊಟ್ಟು ಇಂಟರ್ನೆಟ್ ಸೇರುವ ಬಗೆ), ಅದರ ಮೇಲೆ ಇಒಐಪಿ ಟನಲ್ (ಈಥರ್‌ನೆಟ್ ಫ್ರೇಮನ್ನು ಐಪಿ ಪ್ಯಾಕೆಟ್ ಒಳಗಿಟ್ಟು ಸಾಗಿಸುವ ಮೈಕ್ರೊಟಿಕ್ ಸುರಂಗ). ಟನಲನ್ನು ಎರಡೂ ಕಡೆ ಲ್ಯಾನ್ ಬ್ರಿಡ್ಜ್‌ಗೆ ಸೇರಿಸಲಾಗಿದೆ. ಮಿಲ್‌ನ ವೇಬ್ರಿಜ್ ಕಂಪ್ಯೂಟರ್ ತೂಕದ ಚೀಟಿಯನ್ನು ಕಚೇರಿಯ ಸರ್ವರ್‌ಗೆ ಕಳಿಸುತ್ತದೆ. ನಾಲ್ಕು ಸಾಲಿನ ಚೀಟಿ ತಲುಪುತ್ತದೆ, ಲಾರಿಯ ಫೋಟೊ ತಲುಪುವುದಿಲ್ಲ.

## ಬೇಕಾಗುವ ಸಾಮಾನು

- ಎರಡೂ ತುದಿಯಲ್ಲಿ ಒಂದೊಂದು ವಿಂಡೋಸ್ ಅಥವಾ ಲಿನಕ್ಸ್ ಕಂಪ್ಯೂಟರ್, ನೆಟ್‌ವರ್ಕ್ ಕಾರ್ಡ್ ಎಂಟಿಯು (ಒಂದೇ ಸಲ ದಾಟಿಸಬಹುದಾದ ಅತಿ ದೊಡ್ಡ ಪ್ಯಾಕೆಟ್ ಗಾತ್ರ, ಬೈಟ್‌ಗಳಲ್ಲಿ) 1500 ಇರುವಂಥದ್ದು
- ರೂಟರಿಗೆ ಅಡ್ಮಿನ್ ಲಾಗಿನ್ ಮತ್ತು ವಿನ್‌ಬಾಕ್ಸ್
- ರೂಲ್ ಹಾಕುವ ರೂಟರಿನ ಬಳಿಯೇ ಇರುವ, ಕೇಬಲ್‌ನಲ್ಲಿ ಜೋಡಿಸಿದ ಲ್ಯಾಪ್‌ಟಾಪ್. ವೈಫೈ ಮೇಲೆ ಕುಳಿತು ಈ ಕೆಲಸ ಮಾಡಬೇಡಿ.
- ಅಂಕಿ ಬರೆದಿಡಲು ಒಂದು ಹಾಳೆ. ಆರು ತಿಂಗಳ ನಂತರ ಇದೇ ಹಾಳೆ ಬೇಕಾಗುತ್ತದೆ.

ಗಂಜ್‌ನಲ್ಲಿ ಹರಾಜು ನಡೆಯುವ ಹೊತ್ತು ಬಿಟ್ಟು ಸಂಜೆ ಮಾಡಿ. ಕನಿಷ್ಠ ಎರಡು ಸಲ ಸಂಪರ್ಕ ಕಡಿದು ಜೋಡಿಸಬೇಕಾಗುತ್ತದೆ.

## ಹಂತ 1: ರೋಗ ಇದೇನಾ ಎಂದು ಖಚಿತ ಮಾಡಿಕೊಳ್ಳಿ

ರೂಟರ್ ತಾನು ದಾಟಿಸಲಾಗದಷ್ಟು ದೊಡ್ಡ ಪ್ಯಾಕೆಟ್ ಕಂಡರೆ ಎರಡರಲ್ಲಿ ಒಂದು ಮಾಡುತ್ತದೆ: ತುಂಡು ಮಾಡಿ ಕಳಿಸುತ್ತದೆ, ಇಲ್ಲವೇ «ಇದು ದೊಡ್ಡದು, ಸಣ್ಣದು ಕಳಿಸು» ಎಂದು ಕಳಿಸಿದವರಿಗೆ ಐಸಿಎಂಪಿ ಸಂದೇಶ ಕೊಡುತ್ತದೆ. ಬ್ರಿಡ್ಜ್ ಎರಡನೇ ಪದರದ ಸಾಧನ, ಐಪಿ ವಿಳಾಸ ನೋಡದೆ ಫ್ರೇಮ್ ದಾಟಿಸುತ್ತದೆ. ಅದಕ್ಕೆ ತುಂಡು ಮಾಡುವ ಕೆಲಸ ಇಲ್ಲ, ವಾಪಸ್ ಸುದ್ದಿ ಕಳಿಸುವ ಕೆಲಸವೂ ಇಲ್ಲ. ದಾರಿಯಲ್ಲಿ ಎಲ್ಲೋ ಇಕ್ಕಟ್ಟು ಇದ್ದರೆ ದೊಡ್ಡ ಪ್ಯಾಕೆಟ್ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಕಳಿಸಿದ ಕಂಪ್ಯೂಟರ್ ಅದೇ ಗಾತ್ರದ್ದನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ.

ಹೀಗಾಗಿ ಲಕ್ಷಣಗಳು ವಿಚಿತ್ರವಾಗಿರುತ್ತವೆ:

- ಸಣ್ಣ ಪಿಂಗ್‌ಗೆ ಒಂದೂ ನಷ್ಟವಿಲ್ಲ, ಫೈಲ್ ಕಾಪಿ ಮಾತ್ರ ಸೊನ್ನೆಯಲ್ಲೇ ನಿಲ್ಲುತ್ತದೆ.
- ರಿಮೋಟ್ ಲಾಗಿನ್ ಆಗುತ್ತದೆ, ಉದ್ದ ಪಟ್ಟಿ ಕೇಳಿದಾಗ ಹೆಪ್ಪುಗಟ್ಟುತ್ತದೆ.
- ಒಂದು ದಿಕ್ಕಿನಲ್ಲಿ ಕಾಪಿ ಆಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಆಗುವುದಿಲ್ಲ.
- ಆಚೆ ತುದಿಯವರು ಈಚೆಯ ಇಂಟರ್ನೆಟ್ ಬಳಸುತ್ತಿದ್ದರೆ ಯೂಟ್ಯೂಬ್ ಓಡುತ್ತದೆ, ಬ್ಯಾಂಕಿನ ಪುಟ ಅರ್ಧಕ್ಕೆ ನಿಲ್ಲುತ್ತದೆ. ಯೂಟ್ಯೂಬ್ ಬಳಸುವ ಕ್ವಿಕ್ ಪ್ರೊಟೊಕಾಲ್ 1200 ಬೈಟ್ ಆಸುಪಾಸಿನಿಂದ ಶುರು ಮಾಡಿ ದಾರಿಯನ್ನು ತಾನೇ ಅಳೆದುಕೊಳ್ಳಬಲ್ಲದು. ಸಾಮಾನ್ಯ ಟಿಸಿಪಿ ಮೊದಲೇ 1500 ತುಂಬಿ ಕಳಿಸುತ್ತದೆ.

ಸಣ್ಣ ಪಿಂಗ್‌ನಲ್ಲೇ ನಷ್ಟ ಕಾಣುತ್ತಿದ್ದರೆ ಈ ಲೇಖನ ನಿಮಗಲ್ಲ. ಅದು ಫೈಬರ್, ಕನೆಕ್ಟರ್ ಅಥವಾ ಪವರ್ ಅಡಾಪ್ಟರ್ ದೋಷ ಇರಬಹುದು. ಮೊದಲು ಅದನ್ನು ಮುಗಿಸಿ.

## ಹಂತ 2: ದಾರಿಯ ಅಗಲ ಅಳೆಯಿರಿ

ಕಚೇರಿಯ ಕಂಪ್ಯೂಟರಿನಿಂದ ಮಿಲ್‌ನ ಬ್ರಿಡ್ಜ್ ಹಿಂದಿರುವ ಸಾಧನವೊಂದಕ್ಕೆ ಪಿಂಗ್ ಮಾಡಿ. ಎನ್‌ವಿಆರ್ (ಕ್ಯಾಮೆರಾ ರೆಕಾರ್ಡರ್) ಅಥವಾ ನೆಟ್‌ವರ್ಕ್ ಪ್ರಿಂಟರ್ ಒಳ್ಳೆಯದು, ಏಕೆಂದರೆ ವಿಂಡೋಸ್ ಕಂಪ್ಯೂಟರಿನ ಸ್ವಂತ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡದೆ ದಾರಿ ತಪ್ಪಿಸುತ್ತದೆ.

ವಿಂಡೋಸ್‌ನಲ್ಲಿ ಪಿಂಗ್ ಜೊತೆ -ಎಫ್ ಹಾಕಿದರೆ «ತುಂಡು ಮಾಡಬೇಡ» ಎಂಬ ಗುರುತು ಬೀಳುತ್ತದೆ, -ಎಲ್ ಮುಂದೆ ಗಾತ್ರ ಕೊಡಬೇಕು. ಲಿನಕ್ಸ್‌ನಲ್ಲಿ ಅದೇ ಕೆಲಸಕ್ಕೆ ದೊಡ್ಡಕ್ಷರದ -ಎಂ ಮುಂದೆ ಡು, ಮತ್ತು -ಎಸ್ ಮುಂದೆ ಗಾತ್ರ. ಈ ಗಾತ್ರ ಒಳಗಿನ ಸರಕಿನದು ಮಾತ್ರ. ಅದಕ್ಕೆ ಐಪಿ ಹೆಡರ್ 20, ಐಸಿಎಂಪಿ ಹೆಡರ್ 8, ಒಟ್ಟು 28 ಸೇರಿಸಿದರೆ ನಿಜವಾದ ಪ್ಯಾಕೆಟ್ ಗಾತ್ರ. 1472 ಕೊಟ್ಟರೆ 1500 ಹೋಗುತ್ತದೆ.

ಇಲ್ಲೇ ಬಹಳ ಮಂದಿ ಎಡವುವುದು: ಮೈಕ್ರೊಟಿಕ್‌ನ ಟೂಲ್ಸ್ → ಪಿಂಗ್‌ನಲ್ಲಿರುವ ಪ್ಯಾಕೆಟ್ ಸೈಜ್‌ನಲ್ಲಿ ಹೆಡರ್ ಸೇರಿಯೇ ಇರುತ್ತದೆ. ಅಲ್ಲಿ 1500 ಎಂದರೆ 1500. ಎರಡು ಲೆಕ್ಕವನ್ನು ಬೆರೆಸಿದರೆ 28 ಬೈಟ್ ತಪ್ಪು ಬರುತ್ತದೆ.

1472ರಿಂದ ಶುರು ಮಾಡಿ. ಹೋಗದಿದ್ದರೆ 1400. ಹೋದರೆ ಎರಡರ ನಡುವಿನ 1436. ಹೀಗೆ ಅಂತರವನ್ನು ಅರ್ಧ ಮಾಡುತ್ತಾ ಹೋದರೆ ಏಳೆಂಟು ಪ್ರಯತ್ನದಲ್ಲಿ ಗಡಿ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ 1422ಕ್ಕೆ ಉತ್ತರ ಬರುತ್ತದೆ, 1423ಕ್ಕೆ «ರಿಕ್ವೆಸ್ಟ್ ಟೈಮ್ಡ್ ಔಟ್». ಒಂದೇ ಒಂದು ಬೈಟ್‌ನ ವ್ಯತ್ಯಾಸ. ಹೀಗೆ ಚೂರಿಯಿಂದ ಕತ್ತರಿಸಿದಂಥ ಗಡಿ ಕಂಡರೆ ತೊಂದರೆ ಎಂಟಿಯುದೇ, ಅನುಮಾನ ಬೇಡ. ದಾರಿಯ ಅಗಲ 1422 + 28 = 1450.

ಟೈಮ್ಡ್ ಔಟ್ ಬದಲು «ಪ್ಯಾಕೆಟ್ ನೀಡ್ಸ್ ಟು ಬಿ ಫ್ರಾಗ್ಮೆಂಟೆಡ್» ಎಂದು ಬಂದರೆ ದಾರಿಯಲ್ಲಿ ಯಾವುದೋ ರೂಟರ್ ಸರಿಯಾಗಿ ಸುದ್ದಿ ಕೊಡುತ್ತಿದೆ, ಅಥವಾ ನಿಮ್ಮದೇ ಕಂಪ್ಯೂಟರಿನ ಎಂಟಿಯು ಕಡಿಮೆ ಇದೆ ಎಂದರ್ಥ. ಮೌನವಾಗಿ ಬಿದ್ದುಹೋಗುವುದು ಬ್ರಿಡ್ಜ್ ದಾರಿಯ ಗುರುತು.

ಅಳತೆಯನ್ನು ಮಿಲ್ ಕಡೆಯಿಂದಲೂ ಮಾಡಿ. ಎರಡು ಅಂಕಿ ಬೇರೆ ಬಂದರೆ ಚಿಕ್ಕದನ್ನು ಹಿಡಿಯಿರಿ.

## ಹಂತ 3: ಅಂಕಿ ಎಲ್ಲಿಂದ ಬಂತು, ಎಂಎಸ್ಎಸ್ ಎಷ್ಟು

ಅಳತೆಯನ್ನು ಲೆಕ್ಕದ ಜೊತೆ ಹೋಲಿಸಿ. ಈಥರ್‌ನೆಟ್ 1500. ಪಿಪಿಪಿಒಇ 8 ತಿನ್ನುತ್ತದೆ, ಉಳಿದದ್ದು 1492. ಇಒಐಪಿ ಟನಲ್ 42 ತಿನ್ನುತ್ತದೆ: ಹೊರಗಿನ ಐಪಿ ಹೆಡರ್ 20, ಜಿಆರ್‌ಇ 8, ಒಳಗಿನ ಈಥರ್‌ನೆಟ್ ಹೆಡರ್ 14. ಉಳಿದದ್ದು 1450. ಅಳತೆ ಮತ್ತು ಲೆಕ್ಕ ಕೂಡಿಬಂದವು.

ಕೂಡಿಬರದಿದ್ದರೆ ಮುಂದೆ ಹೋಗಬೇಡಿ, ನಡುವೆ ನಿಮಗೆ ಗೊತ್ತಿಲ್ಲದ ಪದರ ಇನ್ನೊಂದಿದೆ. ಟನಲ್ ಒಳಗೆ ವಿಲ್ಯಾನ್ ಟ್ಯಾಗ್ (ಒಂದೇ ತಂತಿಯಲ್ಲಿ ಜಾಲಗಳನ್ನು ಬೇರ್ಪಡಿಸುವ ಗುರುತು) ಹೋಗುತ್ತಿದ್ದರೆ ಇನ್ನೂ 4 ಕಳೆದು 1446. ಇಒಐಪಿಯನ್ನು ವೈರ್‌ಗಾರ್ಡ್ ಎಂಬ ಗೂಢಲಿಪಿ ಟನಲ್ ಮೇಲೆ ಓಡಿಸುತ್ತಿದ್ದರೆ ವೈರ್‌ಗಾರ್ಡ್‌ನ ಎಂದಿನ ಎಂಟಿಯು 1420ರಲ್ಲಿ 42 ಕಳೆದು 1378. ಐಪಿಸೆಕ್ ಇದ್ದರೆ ಗೂಢಲಿಪಿಯ ಬಗೆಗೆ ತಕ್ಕಂತೆ ಅಂಕಿ ಬದಲಾಗುತ್ತದೆ, ಅಲ್ಲಿ ಅಳತೆಯನ್ನಷ್ಟೇ ನಂಬಿ.

ಎಂಎಸ್ಎಸ್ ಎಂದರೆ ಟಿಸಿಪಿ ಒಂದು ಪ್ಯಾಕೆಟ್‌ನಲ್ಲಿ ತುಂಬಬಹುದಾದ ಸರಕು. ಐಪಿವಿ4ಕ್ಕೆ ದಾರಿಯ ಅಗಲದಲ್ಲಿ 40 ಕಳೆಯಿರಿ, ಐಪಿವಿ6ಕ್ಕೆ 60. ನಮ್ಮಲ್ಲಿ 1410 ಮತ್ತು 1390. ಹಾಳೆಯಲ್ಲಿ ಬರೆದುಕೊಳ್ಳಿ.

ಟನಲ್‌ನ ಎಂಟಿಯುವನ್ನು ಮಾತ್ರ 1450ಕ್ಕೆ ಇಳಿಸಬೇಡಿ. ಬ್ರಿಡ್ಜ್ ತನ್ನ ಎಂಟಿಯುವನ್ನು ತನ್ನೊಳಗಿನ ಅತಿ ಚಿಕ್ಕ ಪೋರ್ಟ್‌ಗೆ ತಕ್ಕಂತೆ ಇಳಿಸಿಕೊಳ್ಳುತ್ತದೆ, ರೂಟರಿನ ಲ್ಯಾನ್ ವಿಳಾಸವೂ ಅದರ ಜೊತೆ ಇಳಿಯುತ್ತದೆ. ಬ್ರಿಡ್ಜ್‌ಗೆ ಸೇರಿಸಿದ ಇಒಐಪಿಯ ಎಂಟಿಯು 1500 ಇರಲಿ. ಆಗ ದೊಡ್ಡ ಪ್ಯಾಕೆಟ್ ಬಂದರೆ ಹೊರಗಿನ ಪ್ಯಾಕೆಟ್ ಎರಡು ತುಂಡಾಗಿ ಹೋಗುತ್ತದೆ. ತುಂಡುಗಳು ಸುರಕ್ಷಿತವಾಗಿ ತಲುಪಿದರೆ ಕೆಲಸ ಆಗುತ್ತದೆ, ವೇಗ ಕುಗ್ಗುತ್ತದೆ. ತುಂಡುಗಳನ್ನು ದಾರಿಯಲ್ಲಿ ಯಾರಾದರೂ ಬಿಸಾಡುತ್ತಿದ್ದರೆ ನಮ್ಮ ಉದಾಹರಣೆಯ ಹಾಗೆ 1451ಕ್ಕೆ ಮೌನ. ಎರಡೂ ಸಂದರ್ಭಕ್ಕೆ ಮದ್ದು ಒಂದೇ: ಟಿಸಿಪಿ ದೊಡ್ಡ ಪ್ಯಾಕೆಟ್ ಕಟ್ಟದಂತೆ ಮೊದಲೇ ತಡೆಯುವುದು.

## ಹಂತ 4: ಬ್ಯಾಕಪ್, ಸೇಫ್ ಮೋಡ್, ಹಳೆಯ ರೂಲ್‌ಗಳ ಪರಿಶೀಲನೆ

ಫೈಲ್ಸ್ → ಬ್ಯಾಕಪ್ ಮಾಡಿ, ಫೈಲನ್ನು ಲ್ಯಾಪ್‌ಟಾಪ್‌ಗೆ ಎಳೆದುಕೊಳ್ಳಿ. ಆಮೇಲೆ ವಿನ್‌ಬಾಕ್ಸ್ ಮೇಲ್ಭಾಗದ ಸೇಫ್ ಮೋಡ್ ಒತ್ತಿ. ರೂಟರ್ ಜೊತೆಗಿನ ವಿನ್‌ಬಾಕ್ಸ್ ಸಂಪರ್ಕ ಕಡಿದರೆ ಮಾಡಿದ ಬದಲಾವಣೆಗಳು ತಾವಾಗಿಯೇ ಹಿಂದಕ್ಕೆ ಹೋಗುತ್ತವೆ.

ಮುಂದಿನ ಹಂತದಲ್ಲಿ ಬ್ರಿಡ್ಜ್ ಸಂಚಾರವೆಲ್ಲ ಐಪಿ ಫೈರ್‌ವಾಲ್ ಮೂಲಕ ಹಾದುಹೋಗಲು ಶುರುವಾಗುತ್ತದೆ. ಇಷ್ಟು ದಿನ ಇಂಟರ್ನೆಟ್‌ಗೆ ಮಾತ್ರ ತಾಗುತ್ತಿದ್ದ ನಿಮ್ಮ ಹಳೆಯ ರೂಲ್‌ಗಳು ಅಂಗಡಿ–ಮಿಲ್ ನಡುವಿನ ಸಂಚಾರಕ್ಕೂ ತಾಗುತ್ತವೆ. ಎರಡು ಕಡೆ ನೋಡಲೇಬೇಕು.

ಒಂದು, ಐಪಿ → ಫೈರ್‌ವಾಲ್ → ಫಿಲ್ಟರ್ ರೂಲ್ಸ್. ಫಾರ್ವರ್ಡ್ ಚೈನ್‌ನ (ಹಾದುಹೋಗುವ ಸಂಚಾರದ ರೂಲ್ ಪಟ್ಟಿ) ಕೊನೆಯಲ್ಲಿ «ಎಲ್ಲ ಡ್ರಾಪ್» ಇದ್ದರೆ ಟನಲ್ ಸಂಚಾರ ಪೂರ್ತಿ ನಿಲ್ಲುತ್ತದೆ, ಡಿಎಚ್‌ಸಿಪಿ (ತಾನಾಗಿ ಐಪಿ ಹಂಚುವ ವ್ಯವಸ್ಥೆ) ಕೂಡ. ಅದಕ್ಕೆ ಮೊದಲೇ ಫಾರ್ವರ್ಡ್ ಚೈನ್‌ನಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಆಕ್ಸೆಪ್ಟ್ ರೂಲ್ ಇಡಿ: ಇನ್ ಇಂಟರ್‌ಫೇಸ್ ಬ್ರಿಡ್ಜ್, ಔಟ್ ಇಂಟರ್‌ಫೇಸ್ ಅದೇ ಬ್ರಿಡ್ಜ್. ಮ್ಯಾಂಗಲ್ (ಪ್ಯಾಕೆಟ್‌ನ ಒಳವಿವರ ಬದಲಿಸುವ ಫೈರ್‌ವಾಲ್ ವಿಭಾಗ) ಫಿಲ್ಟರ್‌ಗಿಂತ ಮೊದಲು ಓಡುವುದರಿಂದ ಈ ಆಕ್ಸೆಪ್ಟ್ ನಮ್ಮ ಎಂಎಸ್ಎಸ್ ರೂಲ್‌ಗೆ ಅಡ್ಡಿಯಾಗುವುದಿಲ್ಲ.

ಎರಡು, ನ್ಯಾಟ್, ಅಂದರೆ ಪ್ಯಾಕೆಟ್‌ನ ಐಪಿ ವಿಳಾಸ ಬದಲಿಸುವ ಭಾಗ. ಮಾಸ್ಕರೇಡ್ ರೂಲ್‌ನಲ್ಲಿ ಔಟ್ ಇಂಟರ್‌ಫೇಸ್ ಖಾಲಿ ಬಿಟ್ಟಿದ್ದರೆ ಈಗಲೇ ಪಿಪಿಪಿಒಇ ಹೆಸರು ತುಂಬಿ. ಖಾಲಿ ಇದ್ದರೆ ಬ್ರಿಡ್ಜ್ ದಾಟುವ ಸಂಚಾರಕ್ಕೂ ಮಾಸ್ಕರೇಡ್ ಬಡಿಯುತ್ತದೆ. ಸರ್ವರ್‌ಗೆ ಎಲ್ಲ ಕಂಪ್ಯೂಟರ್‌ಗಳೂ ರೂಟರಿನ ಒಂದೇ ಐಪಿಯಿಂದ ಬಂದಂತೆ ಕಾಣಲು ಶುರುವಾದರೆ ಕಾರಣ ಇದೇ.

## ಹಂತ 5: ಬ್ರಿಡ್ಜ್ ಸಂಚಾರ ಫೈರ್‌ವಾಲ್‌ಗೆ ಕಾಣುವಂತೆ ಮಾಡಿ

ಬ್ರಿಡ್ಜ್ ಕಿಟಕಿಯ ಸೆಟ್ಟಿಂಗ್ಸ್ ತೆರೆದು ಯೂಸ್ ಐಪಿ ಫೈರ್‌ವಾಲ್ ಟಿಕ್ ಮಾಡಿ. ಬ್ರಿಡ್ಜ್ ಮೇಲೆ ವಿಲ್ಯಾನ್ ಟ್ಯಾಗ್ ಇರುವ ಫ್ರೇಮ್ ಓಡಾಡುತ್ತಿದ್ದರೆ ಪಕ್ಕದ ಯೂಸ್ ಐಪಿ ಫೈರ್‌ವಾಲ್ ಫಾರ್ ವಿಲ್ಯಾನ್ ಕೂಡ ಬೇಕು. ಅದಿಲ್ಲದೆ ಟ್ಯಾಗ್ ಇದ್ದ ಪ್ಯಾಕೆಟ್ ಫೈರ್‌ವಾಲ್ ಪಕ್ಕದಿಂದ ಜಾರಿಹೋಗುತ್ತದೆ.

ಬ್ರಿಡ್ಜ್ → ಫಿಲ್ಟರ್ಸ್ ಒಳಗೆ ಎಂಎಸ್ಎಸ್ ಹುಡುಕುತ್ತಾ ಕೂರಬೇಡಿ, ಅಲ್ಲಿ ಎಂಎಸ್ಎಸ್ ಬದಲಿಸುವ ಆಯ್ಕೆಯೇ ಇಲ್ಲ. ಅದು ಇರುವುದು ಐಪಿ → ಫೈರ್‌ವಾಲ್ → ಮ್ಯಾಂಗಲ್‌ನಲ್ಲಿ.

ಇನ್ನು ಹಾರ್ಡ್‌ವೇರ್ ಆಫ್‌ಲೋಡ್. ಬ್ರಿಡ್ಜ್ → ಪೋರ್ಟ್ಸ್‌ನಲ್ಲಿ ಪೋರ್ಟ್ ಎದುರು ಎಚ್ ಅಕ್ಷರ ಕಂಡರೆ ಆ ಪೋರ್ಟ್‌ಗಳ ನಡುವಿನ ಸಂಚಾರ ಸ್ವಿಚ್ ಚಿಪ್ ಒಳಗೇ ಮುಗಿಯುತ್ತದೆ, ಸಿಪಿಯುಗೆ ಬರುವುದೇ ಇಲ್ಲ. ಇಒಐಪಿಯಂಥ ಟನಲ್ ಪೋರ್ಟ್ ಯಾವಾಗಲೂ ಸಿಪಿಯು ಮೂಲಕವೇ ಹಾಯುವುದರಿಂದ ನಮ್ಮ ಉದಾಹರಣೆಯಲ್ಲಿ ಎಚ್ ಹಾಗೇ ಇರಲಿ, ತೆಗೆದರೆ ಲ್ಯಾನ್ ವೇಗ ವ್ಯರ್ಥವಾಗಿ ಕುಗ್ಗುತ್ತದೆ. ನಿಮ್ಮ ಕೊಂಡಿ ಟನಲ್ ಅಲ್ಲದೆ ಮಹಡಿ ಮೇಲಿನ ವೈರ್‌ಲೆಸ್ ರೇಡಿಯೊ ಅಥವಾ ಬಾಡಿಗೆ ಲೈನ್ ಆಗಿ ಈಥರ್‌ನೆಟ್ ಪೋರ್ಟ್‌ಗೆ ಬರುತ್ತಿದ್ದರೆ, ಆ ಒಂದು ಪೋರ್ಟ್‌ನ ಹಾರ್ಡ್‌ವೇರ್ ಆಫ್‌ಲೋಡ್ ಟಿಕ್ ತೆಗೆಯಬೇಕು.

ಟಿಕ್ ತೆಗೆದ ಮೇಲೆ ಸಿಪಿಯು ಹೊರೆ ಏರುತ್ತದೆ. ಸಿಸ್ಟಮ್ → ರಿಸೋರ್ಸಸ್‌ನಲ್ಲಿ ನೋಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ತಗಡಿನ ಛಾವಣಿಯ ಮಿಲ್ ಕೋಣೆಯಲ್ಲಿ ಸಿಪಿಯುವನ್ನು ದಿನವಿಡೀ ದುಡಿಸುವ ಬದಲು ರೂಲ್‌ಗಳನ್ನು ನೆರಳಿರುವ ಕಚೇರಿಯ ರೂಟರಿನಲ್ಲಿ ಹಾಕಿ. ಒಂದೇ ತುದಿಯಲ್ಲಿ ಹಾಕಿದರೆ ಸಾಕು, ಎರಡೂ ದಿಕ್ಕಿನ ಸಂಚಾರ ಅಲ್ಲೇ ಹಾಯುತ್ತದೆ.

## ಹಂತ 6: ಮೊದಲು ಎಣಿಸುವ ರೂಲ್

ನೇರ ಎಂಎಸ್ಎಸ್ ರೂಲ್‌ಗೆ ಹಾರಬೇಡಿ. ಮ್ಯಾಂಗಲ್‌ನಲ್ಲಿ ಎಣಿಕೆ ಮಾತ್ರ ಮಾಡುವ ರೂಲ್ ಒಂದನ್ನು ಹಾಕಿ: ಚೈನ್ ಫಾರ್ವರ್ಡ್, ಅಡ್ವಾನ್ಸ್ಡ್‌ನಲ್ಲಿ ಔಟ್ ಬ್ರಿಡ್ಜ್ ಪೋರ್ಟ್ ಟನಲ್, ಪ್ಯಾಕೆಟ್ ಸೈಜ್ 1451-65535, ಆಕ್ಷನ್ ಪಾಸ್‌ಥ್ರೂ. ಇದು ಪ್ಯಾಕೆಟನ್ನು ಮುಟ್ಟುವುದಿಲ್ಲ, ಲೆಕ್ಕ ಇಡುತ್ತದೆ ಅಷ್ಟೇ.

ಜನರಲ್ ಟ್ಯಾಬ್‌ನ ಔಟ್ ಇಂಟರ್‌ಫೇಸ್‌ನಲ್ಲಿ ಟನಲ್ ಹೆಸರು ಹಾಕಿದರೆ ರೂಲ್ ಸೊನ್ನೆಯಲ್ಲೇ ಕೂರುತ್ತದೆ. ಬ್ರಿಡ್ಜ್ ಒಳಗಿನ ಪೋರ್ಟ್ ಫೈರ್‌ವಾಲ್‌ಗೆ ಬ್ರಿಡ್ಜ್ ಹೆಸರಿನಲ್ಲೇ ಕಾಣುತ್ತದೆ. ಪೋರ್ಟ್ ಗುರುತಿಸಲು ಅಡ್ವಾನ್ಸ್ಡ್‌ನ ಇನ್ ಬ್ರಿಡ್ಜ್ ಪೋರ್ಟ್, ಔಟ್ ಬ್ರಿಡ್ಜ್ ಪೋರ್ಟ್‌ಗಳನ್ನೇ ಬಳಸಬೇಕು.

ಈಗ ಕಚೇರಿಯಿಂದ ಮಿಲ್‌ಗೆ ದೊಡ್ಡ ಫೈಲ್ ಕಾಪಿ ಮಾಡಿ. ಎಣಿಕೆ ಏರಿದರೆ ಫೈರ್‌ವಾಲ್‌ಗೆ ಬ್ರಿಡ್ಜ್ ಸಂಚಾರ ಕಾಣುತ್ತಿದೆ. ಏರದಿದ್ದರೆ ಹಂತ 5ಕ್ಕೆ ಹಿಂತಿರುಗಿ. ಈ ಒಂದು ರೂಲ್ ಗಂಟೆಗಟ್ಟಲೆ ತಡಕಾಟ ಉಳಿಸುತ್ತದೆ.

## ಹಂತ 7: ಎಂಎಸ್ಎಸ್ ರೂಲ್, ಎರಡೂ ದಿಕ್ಕಿಗೆ

ಟಿಸಿಪಿ ಸಂಪರ್ಕ ಶುರುವಾಗುವಾಗ ಎರಡೂ ಕಡೆಯವರು ಸಿನ್ ಪ್ಯಾಕೆಟ್‌ನಲ್ಲಿ ತಮ್ಮ ಎಂಎಸ್ಎಸ್ ಹೇಳಿಕೊಳ್ಳುತ್ತಾರೆ. «ನನಗೆ ಇದಕ್ಕಿಂತ ದೊಡ್ಡ ತುತ್ತು ಕೊಡಬೇಡ» ಎಂಬುದು ಆ ಮಾತಿನ ಅರ್ಥ. ಅಂದರೆ ಕಚೇರಿ ಹೇಳಿದ ಅಂಕಿ ಮಿಲ್ ಕಳಿಸುವ ಪ್ಯಾಕೆಟನ್ನು ಮಿತಿಗೊಳಿಸುತ್ತದೆ. ಮಿಲ್ ಹೇಳಿದ್ದು ಕಚೇರಿ ಕಳಿಸುವುದನ್ನು. ಒಂದೇ ದಿಕ್ಕಿಗೆ ರೂಲ್ ಹಾಕಿದರೆ ಮಿಲ್‌ನಿಂದ ಫೋಟೊ ಬರುತ್ತದೆ, ಕಚೇರಿಯಿಂದ ರಿಪೋರ್ಟ್ ಹೋಗುವುದಿಲ್ಲ. «ಅರ್ಧ ಸರಿಯಾಯಿತು» ಎನ್ನುವ ದೂರುಗಳ ಮೂಲ ಬಹುತೇಕ ಇದೇ.

ಮೊದಲ ರೂಲ್:

- ಚೈನ್: ಫಾರ್ವರ್ಡ್
- ಪ್ರೊಟೊಕಾಲ್: 6, ಟಿಸಿಪಿ
- ಔಟ್ ಬ್ರಿಡ್ಜ್ ಪೋರ್ಟ್: ಟನಲ್
- ಟಿಸಿಪಿ ಫ್ಲ್ಯಾಗ್ಸ್: ಸಿನ್
- ಟಿಸಿಪಿ ಎಂಎಸ್ಎಸ್: 1411-65535
- ಆಕ್ಷನ್: ಚೇಂಜ್ ಎಂಎಸ್ಎಸ್, ಹೊಸ ಅಂಕಿ 1410
- ಪಾಸ್‌ಥ್ರೂ: ಟಿಕ್

ಎರಡನೆಯದು ಇದರದೇ ಪ್ರತಿ, ಔಟ್ ಬ್ರಿಡ್ಜ್ ಪೋರ್ಟ್ ಬದಲು ಇನ್ ಬ್ರಿಡ್ಜ್ ಪೋರ್ಟ್: ಟನಲ್.

ಟಿಸಿಪಿ ಎಂಎಸ್ಎಸ್ ವ್ಯಾಪ್ತಿಯನ್ನು ಬಿಡಬೇಡಿ. ಅದಿದ್ದರೆ 1410 ಮೀರಿದ ಅಂಕಿಗೆ ಮಾತ್ರ ರೂಲ್ ತಾಗುತ್ತದೆ, ಮೊದಲೇ 1338 ಎಂದು ಕೇಳಿಕೊಂಡ ಸಾಧನದ ಅಂಕಿಯನ್ನು ಮುಟ್ಟುವುದಿಲ್ಲ. ಹೊಸ ಅಂಕಿಯ ಜಾಗದಲ್ಲಿ ಕ್ಲ್ಯಾಂಪ್ ಟು ಪಿಎಂಟಿಯು ಕೂಡ ಬೇಡ. ಅದು ಈ ರೂಟರಿಗೆ ಗೊತ್ತಿರುವ ಎಂಟಿಯು ನೋಡಿ ಲೆಕ್ಕ ಹಾಕುತ್ತದೆ. ಬ್ರಿಡ್ಜ್ 1500 ಎನ್ನುತ್ತದೆ, ಇಕ್ಕಟ್ಟು ಇರುವುದು ಆಚೆ. ಟನಲ್‌ನ ಸ್ವಂತ ಕ್ಲ್ಯಾಂಪ್ ಟಿಸಿಪಿ ಎಂಎಸ್ಎಸ್ ಕೂಡ ಟನಲ್ ಎಂಟಿಯುವನ್ನೇ ನೋಡುವುದರಿಂದ 1500 ಇಟ್ಟಾಗ ನೆರವಿಗೆ ಬರುವುದಿಲ್ಲ. ಅಳೆದ ಅಂಕಿಯನ್ನು ಕೈಯಿಂದಲೇ ಬರೆಯಿರಿ.

ಮಿಲ್‌ನವರ ಇಂಟರ್ನೆಟ್ ಕೂಡ ಕಚೇರಿಯ ರೂಟರಿನಿಂದಲೇ ಹೋಗುತ್ತಿದ್ದರೆ ಆ ಸಂಚಾರ ರೂಟ್ ಆಗುತ್ತದೆ, ಬ್ರಿಡ್ಜ್ ಪೋರ್ಟ್ ಗುರುತನ್ನು ಅದಕ್ಕೆ ನೆಚ್ಚಬೇಡಿ. ಮಿಲ್‌ನ ಸಾಧನಗಳಿಗೆ ಬೇರೆ ವ್ಯಾಪ್ತಿ ಕೊಟ್ಟು, ಉದಾಹರಣೆಗೆ 192.168.10.128/25, ಸೋರ್ಸ್ ವಿಳಾಸಕ್ಕೆ ಒಂದು, ಡೆಸ್ಟಿನೇಶನ್ ವಿಳಾಸಕ್ಕೆ ಒಂದು ಹೀಗೆ ಇನ್ನೆರಡು ರೂಲ್ ಹಾಕಿ.

ರೂಲ್ ಹಾಕಿದ ಮೇಲೆ ಟ್ಯಾಲಿ, ಫೈಲ್ ಶೇರ್, ಬ್ರೌಸರ್ ಎಲ್ಲ ಮುಚ್ಚಿ ಮತ್ತೆ ತೆರೆಯಿರಿ. ಎಂಎಸ್ಎಸ್ ಒಪ್ಪಂದ ಸಂಪರ್ಕದ ಆರಂಭದಲ್ಲಿ ಒಮ್ಮೆ ಮಾತ್ರ ಆಗುತ್ತದೆ. ಹಳೆಯ ಸಂಪರ್ಕ ಹಳೆಯ ಅಂಕಿಯಲ್ಲೇ ಸಿಕ್ಕಿಕೊಂಡಿರುತ್ತದೆ.

## ಹಂತ 8: ಯುಡಿಪಿ ಮತ್ತು ಐಪಿವಿ6

ಎಂಎಸ್ಎಸ್ ಟಿಸಿಪಿಗೆ ಸೀಮಿತ, ಆರಂಭದ ಒಪ್ಪಂದವಿಲ್ಲದೆ ಕಳಿಸುವ ಯುಡಿಪಿಗೆ ಅದಿಲ್ಲ. ಕ್ಯಾಮೆರಾದ ಯುಡಿಪಿ ವಿಡಿಯೊ, ಫೋನ್ ಕರೆಯ ದೊಡ್ಡ ಸಂದೇಶಗಳಿಗೆ ಈ ರೂಲ್ ತಾಗುವುದಿಲ್ಲ. ಎನ್‌ವಿಆರ್‌ನಲ್ಲಿ ಆರ್‌ಟಿಎಸ್‌ಪಿಯನ್ನು (ಕ್ಯಾಮೆರಾ ವಿಡಿಯೊ ತರುವ ಪ್ರೊಟೊಕಾಲ್) ಟಿಸಿಪಿ ಮೇಲೆ ಓಡಿಸಲು ಆಯ್ಕೆ ಇದ್ದರೆ ಅದೇ ಸುಲಭ. ಇಲ್ಲದಿದ್ದರೆ ಸಾಧನದ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಎಂಟಿಯು 1450 ಮಾಡಿ. ಸಾಧನಗಳು ಬಹಳ ಇದ್ದರೆ ಡಿಎಚ್‌ಸಿಪಿ ಆಯ್ಕೆ 26ರ ಮೂಲಕ ಎಂಟಿಯು ಹಂಚಬಹುದು, 1450ಕ್ಕೆ ಹೆಕ್ಸ್ ಬೆಲೆ 05ಎಎ. ಎಲ್ಲ ಸಾಧನಗಳೂ ಇದನ್ನು ಪಾಲಿಸುವುದಿಲ್ಲ, ಹಂಚಿದ ಮೇಲೆ ಒಂದೊಂದನ್ನೂ ಪಿಂಗ್‌ನಿಂದ ಪರೀಕ್ಷಿಸಿ.

ದೊಡ್ಡ ಪ್ಯಾಕೆಟ್‌ಗೆ ಡ್ರಾಪ್ ರೂಲ್ ಹಾಕುವುದು ತಪ್ಪು. ಆಗಲೇ ಮೌನವಾಗಿ ಬೀಳುತ್ತಿರುವುದನ್ನು ನೀವೇ ಬೀಳಿಸಿದಂತಾಗುತ್ತದೆ. ಮ್ಯಾಂಗಲ್‌ನ ಕ್ಲಿಯರ್ ಡಿಎಫ್ ಕೂಡ ಆಕರ್ಷಕವಾಗಿ ಕಾಣುತ್ತದೆ. ಆದರೆ «ತುಂಡು ಮಾಡಬೇಡ» ಗುರುತನ್ನು ಅಳಿಸಿದರೂ ಬ್ರಿಡ್ಜ್ ಮೇಲೆ ತುಂಡು ಮಾಡುವವರು ಯಾರೂ ಇಲ್ಲ.

ಐಪಿವಿ6 ಬಳಕೆಯಲ್ಲಿದ್ದರೆ ಐಪಿವಿ6 → ಫೈರ್‌ವಾಲ್ → ಮ್ಯಾಂಗಲ್‌ನಲ್ಲಿ ಬೇರೆ ರೂಲ್ ಬೇಕು, ಅಂಕಿ 1390. ಐಪಿವಿ6ರಲ್ಲಿ ದಾರಿಯ ರೂಟರ್‌ಗಳು ತುಂಡು ಮಾಡುವುದೇ ಇಲ್ಲ. ಆದ್ದರಿಂದ ಐಸಿಎಂಪಿವಿ6 ಟೈಪ್ 2 ಸಂದೇಶವನ್ನು ಎಲ್ಲೂ ತಡೆಯಬೇಡಿ. ಐಪಿವಿ4ರಲ್ಲಿ ಅದರ ಜೋಡಿ ಐಸಿಎಂಪಿ ಟೈಪ್ 3 ಕೋಡ್ 4. ಭದ್ರತೆಗೆಂದು ಐಸಿಎಂಪಿಯನ್ನೆಲ್ಲ ಮುಚ್ಚಿದ ಹಳೆಯ ರೂಲ್ ಇದ್ದರೆ ಅದರ ಮೇಲೆ ಇವಕ್ಕೆ ಆಕ್ಸೆಪ್ಟ್ ಇಡಿ.

## ಹಂತ 9: ಪರೀಕ್ಷೆ ಮತ್ತು ಎಚ್ಚರಿಕೆಯ ಗುರುತುಗಳು

ಎರಡೂ ದಿಕ್ಕಿನಲ್ಲಿ 100 ಎಂಬಿ ಫೈಲ್ ಕಾಪಿ ಮಾಡಿ. ಎಂಎಸ್ಎಸ್ ರೂಲ್‌ಗಳ ಎಣಿಕೆ ಹೊಸ ಸಂಪರ್ಕಕ್ಕೆ ಒಂದಿಷ್ಟೇ ಏರಬೇಕು, ಫೈಲ್ ಗಾತ್ರಕ್ಕೆ ತಕ್ಕಂತಲ್ಲ. ಹಂತ 6ರ ಎಣಿಸುವ ರೂಲ್ ಟಿಸಿಪಿ ಕಾಪಿ ನಡೆಯುವಾಗ ಅಲ್ಲಾಡಬಾರದು. ಅದು ಏರುತ್ತಿದ್ದರೆ ಯಾವುದೋ ಸಂಚಾರ ಎಂಎಸ್ಎಸ್ ರೂಲ್‌ನಿಂದ ತಪ್ಪಿಸಿಕೊಳ್ಳುತ್ತಿದೆ: ಹಳೆಯ ಸಂಪರ್ಕ, ಯುಡಿಪಿ ಅಥವಾ ವಿಲ್ಯಾನ್ ಟ್ಯಾಗ್.

1423ರ ಪಿಂಗ್ ಈಗಲೂ ಹೋಗುವುದಿಲ್ಲ. ಇದನ್ನು ನೋಡಿ ರೂಲ್ ವಿಫಲವಾಯಿತು ಎಂದುಕೊಳ್ಳಬೇಡಿ. ದಾರಿ ಅಗಲವಾಗಿಲ್ಲ, ಟಿಸಿಪಿ ಸಣ್ಣ ಪ್ಯಾಕೆಟ್ ಕಟ್ಟಲು ಕಲಿತಿದೆ.

ಇಂಟರ್‌ಫೇಸ್‌ನ ಆರ್‌ಎಕ್ಸ್ ಅಂಕಿಅಂಶದಲ್ಲಿ ಟೂ ಲಾಂಗ್ ಏರುತ್ತಿದ್ದರೆ ಅದು ಬೇರೆ ರೋಗ. ಯಾವುದೋ ಸಾಧನ ಜಂಬೊ ಫ್ರೇಮ್ (1500 ಮೀರಿದ ದೊಡ್ಡ ಫ್ರೇಮ್) ಕಳಿಸುತ್ತಿದೆ, ಸಾಮಾನ್ಯವಾಗಿ 9000ಕ್ಕೆ ಇಟ್ಟ ಸ್ಟೋರೇಜ್ ಪೆಟ್ಟಿಗೆ. ಅಂಥ ಫ್ರೇಮ್ ಪೋರ್ಟ್‌ನಲ್ಲೇ ಬೀಳುತ್ತದೆ, ಫೈರ್‌ವಾಲ್ ತನಕ ಬರುವುದೇ ಇಲ್ಲ. ಆ ಪೆಟ್ಟಿಗೆಯನ್ನು 1500ಕ್ಕೆ ಇಳಿಸುವುದೊಂದೇ ದಾರಿ.

ಎಲ್ಲ ಸರಿ ಇದ್ದರೆ ಸೇಫ್ ಮೋಡ್ ಬಟನನ್ನು ಮತ್ತೊಮ್ಮೆ ಒತ್ತಿ ಬಿಡಿ. ಮರೆತರೆ ಸಂಪರ್ಕ ಕಡಿದಾಗ ಸಂಜೆಯ ಕೆಲಸವೆಲ್ಲ ಹೋಗುತ್ತದೆ. ಪ್ರತಿ ರೂಲ್‌ಗೂ ಕಾಮೆಂಟ್ ಬರೆಯಿರಿ: ಅಳೆದ ಅಂಕಿ, ದಿನಾಂಕ, ಅಳೆದ ಜಾಗ. ಹೊಸ ಬ್ಯಾಕಪ್ ತೆಗೆದುಕೊಳ್ಳಿ. ಕರೆಂಟ್ ಹೋಗಿ ರೂಟರ್ ಮತ್ತೆ ಶುರುವಾದಾಗ ಎಣಿಕೆಗಳು ಸೊನ್ನೆಯಾಗುತ್ತವೆ, ರೂಲ್ ಹಾಗೇ ಇರುತ್ತದೆ. ಫೈಬರ್ ಕೊಡುವವರು ಬದಲಾದ ದಿನ, ಟನಲ್ ಮೇಲೆ ಐಪಿಸೆಕ್ ಹಾಕಿದ ದಿನ ಹಂತ 2ರಿಂದ ಮತ್ತೆ ಅಳೆದು 1410ರ ಜಾಗದಲ್ಲಿ ಹೊಸ ಅಂಕಿ ತುಂಬಿ.